ಹೆಸರು ಬಿದ್ದ ಹಾಡಿನ ಡಬ್ಬಿ

ಸೋಮವಾರ ಮಧ್ಯಾಹ್ನದ ನಿದ್ದೆ ನನ್ನ ಹಕ್ಕು. ಯಾವ ಕಾಯದೆಯಲ್ಲಿ ಬರೆದಿದ್ದಾರೆ ಎಂದು ಕೇಳಬೇಡಿ. ಆರು ದಿನ ಸುರಪುರದ ರಂಗಂಪೇಟೆಯ ಭಾಂಡೆ ಅಂಗಡಿಯಲ್ಲಿ ಕುಳಿತು, ಹಂಡೆ ನೋಡಲು ಬಂದು ಚಮಚ ಕೊಂಡು ಹೋಗುವ ಗಿರಾಕಿಗಳ ಜೊತೆ ಗಂಟಲು ಹರಿದುಕೊಂಡವನಿಗೆ ಮಾತ್ರ ಅದು ಅರ್ಥವಾಗುತ್ತದೆ. ಸೋಮವಾರ ಅಂಗಡಿಗೆ ರಜೆ. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ತಂಬಿಗೆ ಮಜ್ಜಿಗೆ, ಆಮೇಲೆ ಪಡಸಾಲೆಯ ಮಂಚ, ಮೇಲೆ ಫ್ಯಾನು. ಈ ಜೀವ ಬೇಡಿದ್ದು ಇಷ್ಟೇ.

ಆದರೆ ನನ್ನ ಹೆಂಡತಿ ಶಾಂತಾದೇವಿಗೂ ಸೋಮವಾರದ ಮೇಲೆ ಹಕ್ಕಿದೆ. ಅವಳದು ಭಜನಾ ಬಳಗ. ಮಧ್ಯಾಹ್ನ ಮೂರು ಹೊಡೆಯುವುದೇ ತಡ, ಓಣಿಯ ಏಳು ಜನ ಹೆಣ್ಣುಮಕ್ಕಳು ನಮ್ಮ ಪಡಸಾಲೆಗೆ ದಯಮಾಡಿಸುತ್ತಾರೆ. ಮಂಚವನ್ನು ಗೋಡೆಗೆ ಒತ್ತುತ್ತಾರೆ (ನಾನು ಅದರ ಮೇಲಿರುವಾಗಲೇ). ಜಮಖಾನೆ ಹಾಸುತ್ತಾರೆ. ತಾಳ ತೆಗೆಯುತ್ತಾರೆ. ಮಂಗಳಾರತಿಯಾಗಿ, ಚುರುಮುರಿ ಸುಸ್ಲಾ ತಿಂದು, ಚಹಾ ಕುಡಿದು ಏಳುವಷ್ಟರಲ್ಲಿ ಆರು ಗಂಟೆ. ಹನ್ನೊಂದು ವರ್ಷದಿಂದ ಇದೇ ನಡೆದಿದೆ.

ಒಳಕೋಣೆಯಲ್ಲಿ ಮಲಗಬಾರದೇ ಎನ್ನುತ್ತೀರಿ. ಒಳಕೋಣೆಯಲ್ಲಿ ಅಂಗಡಿಯ ಹೆಚ್ಚಿನ ಮಾಲು ಇದೆ. ಪಡಸಾಲೆಯಲ್ಲಿ ತಾಳ ಬಿದ್ದರೆ ಅಲ್ಲಿ ನಲವತ್ತು ಸ್ಟೀಲಿನ ಪರಾತಗಳು (ಹಿಟ್ಟು ಕಲಸುವ ಅಗಲ ತಟ್ಟೆಗಳು) ಒಟ್ಟಿಗೆ ಗುಂಯ್ ಎನ್ನುತ್ತವೆ. ಪಡಸಾಲೆಯಲ್ಲಿ ಏಳು ಜನರ ಭಜನೆಯಾದರೆ ಒಳಗೆ ನಲವತ್ತೇಳು.

ನನ್ನ ವ್ಯಾಪಾರದ ರೀತಿಯನ್ನೂ ಸ್ವಲ್ಪ ಹೇಳಬೇಕು. ನಾನು ಮಾಲನ್ನು ಕಣ್ಣಿನಿಂದ ನೋಡುವವನಲ್ಲ, ಕಿವಿಯಿಂದ ನೋಡುವವನು. ಬೆರಳಿನ ಗೆಣ್ಣಿನಿಂದ ಒಮ್ಮೆ ಬಡಿದರೆ ಸಾಕು, ಟಣ್ ಎಂದರೆ ಇಟ್ಟುಕೊಳ್ಳುತ್ತೇನೆ, ಡಬ್ ಎಂದರೆ ಹಿಂದೆ ಕಳಿಸುತ್ತೇನೆ. ಇನ್ನು, ನನ್ನ ಅಂಗಡಿಯ ಗಲ್ಲೆಯ ಮೇಲೊಂದು ಬೋರ್ಡು ಇದೆ: 'ಹೆಸರು ಹಾಕಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.' ನಮ್ಮ ಕಡೆ ಪಲ್ಯ ತುಂಬಿದ ಡಬ್ಬಿ ಒಂದು ಮನೆಯಿಂದ ಹೊರಟರೆ ನಾಲ್ಕು ಮನೆ ಸುತ್ತಿ ಬರುತ್ತದೆ. ಅದಕ್ಕೇ ಭಾಂಡೆ ಕೊಂಡ ಕೂಡಲೇ ಜನ ಹೆಸರು ಕೊರೆಸುತ್ತಾರೆ. ಕೊರೆಯುವ ಮಷೀನು ನನ್ನ ಹತ್ತಿರವೇ ಇದೆ, ಅಕ್ಷರವೂ ನನ್ನದೇ. ಹೆಸರು ಬಿದ್ದ ಡಬ್ಬಿಯನ್ನು ಆಮೇಲೆ ಇನ್ನೊಬ್ಬರಿಗೆ ಮಾರುವುದು ಹೇಗೆ?

ಹೋದ ವರ್ಷ ಪಾರ್ಸಲ್ ಹಂಚುವ ಹಾಶಿಮ ಒಂದು ದೊಡ್ಡ ಡಬ್ಬಿ ಕೊಂಡು ಹೆಂಡತಿಯ ಹೆಸರು 'ಹಬೀಬಾ' ಅಂತ ಹಾಕಿಸಿಕೊಂಡು ಹೋದ. ಮರುದಿನವೇ ಬಂದ. ಮುಚ್ಚಳ ಕೂಡುತ್ತಿರಲಿಲ್ಲ, ಡಬ್ಬಿಯ ಮೇಲೆ ಕುಳಿತು ಕುಣಿಯುತ್ತಿತ್ತು.

"ಸಾವ್ಕಾರ್ರ, ಇದರಾಗ ಬ್ಯಾಳಿ ಇಟ್ರ ಇರಿವಿಗಿ ದಾವತ್ ಆಗ್ಯಾದ್ರಿ. ಬದಲಿ ಕೊಡ್ರಿ."

ನಾನು ಬೋರ್ಡು ತೋರಿಸಿದೆ. "ಹೆಸರು ಬಿದ್ದ ಮ್ಯಾಲ ಮಾಲು ಗಿರಾಕಿದು, ಹಾಶಿಮ. ಕಾನೂನು ಅಂದ್ರ ಕಾನೂನು."

ಅವನು ಬೋರ್ಡನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ, ಡಬ್ಬಿ ಎತ್ತಿಕೊಂಡು ಹೋದ. ಆ ದಿನ ನನ್ನ ಬಗ್ಗೆ ನನಗೇ ಗೌರವ ಹೆಚ್ಚಾಗಿತ್ತು.

ಇನ್ನು ನನ್ನ ತಲೆಯಲ್ಲಿ ಹೊಳೆದ ಮಹಾ ಯುಕ್ತಿಯ ಕಥೆ.

ಶಹಾಪುರದ ಒಬ್ಬ ಹೋಲ್‌ಸೇಲ್ ವ್ಯಾಪಾರಿಯ ಮನೆಗೆ ಹೋಗಿದ್ದೆ. ಮೂಲೆಯಲ್ಲಿ ಒಂದು ಡಬ್ಬಿ. ಅವರು ಸೋಫಾದಲ್ಲಿ ಕುಳಿತೇ ಫೋನಿನ ಮೇಲೆ ಬೆರಳಾಡಿಸಿದರು, ಮೂಲೆಯಲ್ಲಿ ಡಬ್ಬಿ ಹಾಡತೊಡಗಿತು. "ಮನಿ ವೈಫೈದಿಂದ ತಾನಾ ಎಳಕೊಂಡು ಹಾಡತದ್ರಿ ಪರಮಣ್ಣಾರ. ಭಜನಿ ಬೇಕಾ ಭಜನಿ, ಲಾವಣಿ ಬೇಕಾ ಲಾವಣಿ. ನಿಲ್ಲು ಅನ್ನೂತನಕ ನಿಲ್ಲಂಗಿಲ್ಲ."

ನನ್ನ ಮನಸ್ಸಿನಲ್ಲಿ ಟಣ್ ಎಂದಿತು. ಸುಸ್ಲಾ ಕೇಳದೆ, ಚಹಾ ಕೇಳದೆ, ಮಂಚ ಸರಿಸದೆ ಈ ಡಬ್ಬಿ ಭಜನೆ ಮಾಡುವುದಾದರೆ ಏಳು ಜನ ಯಾತಕ್ಕೆ? ಒಂದು ಸೋಮವಾರ ಇದರ ಕಂಠ ಕೇಳಿಸಿದರೆ ಸಾಕು, ಬಳಗದವರು ನಾಚಿ ತಾಳ ಗಂಟು ಕಟ್ಟುತ್ತಾರೆ. ಅದಕ್ಕಿಂತ ಸಿಹಿ ಸುದ್ದಿ ಎಂದರೆ, ಮನೆಗೆ ಬಂದು ನೋಡಿದಾಗ ಫೋನಿನ ಅಂಗಡಿಯಲ್ಲಿ ಮಾಲಿನ ಕೆಳಗೆ ಸಣ್ಣಕ್ಷರದಲ್ಲಿ ಬರೆದಿದ್ದರು: 'ಹತ್ತು ದಿನದೊಳಗೆ ವಾಪಸ್ ಮಾಡಬಹುದು.' ಅಂದರೆ ಬಳಗ ಮುರಿಯುವವರೆಗೆ ಇಟ್ಟುಕೊಳ್ಳುವುದು, ಆಮೇಲೆ ಇಷ್ಟವಾಗಲಿಲ್ಲ ಎಂದು ಹಿಂದೆ ಕಳಿಸುವುದು. ಡಬ್ಬಿ ಅವರದು, ನಿದ್ದೆ ನನ್ನದು. (ಇಂಥ ವಾಪಸ್ ಬೋರ್ಡು ಹಾಕುವ ಕಂಪನಿಗಳು ಹೇಗೆ ಬದುಕಿವೆಯೋ ದೇವರೇ ಬಲ್ಲ.)

ಆದರೂ ಕೇಳಿದ ರೇಟಿಗೆ ಕೊಳ್ಳುವ ಜಾಯಮಾನ ನನ್ನದಲ್ಲ. ನಮ್ಮ ಪದ್ಧತಿ ನಿಮಗೆ ಗೊತ್ತು: ಮಾಲು ಕೈಗೆತ್ತಿಕೊಳ್ಳಬೇಕು, ಮುಖ ಸಿಂಡರಿಸಬೇಕು, ಕೆಳಗಿಟ್ಟು ಹತ್ತು ಹೆಜ್ಜೆ ನಡೆಯಬೇಕು. ಹಿಂದಿನಿಂದ "ಬರ್ರಿ ಬರ್ರಿ" ಎಂದು ಕೂಗು ಬರುತ್ತದೆ. ನಾನು ಡಬ್ಬಿಯನ್ನು ಫೋನಿನ ಬುಟ್ಟಿಯಲ್ಲಿ ಹಾಕಿ ಸುಮ್ಮನೆ ಎದ್ದು ಹೋದೆ. ಮೂರನೆಯ ದಿನ ಫೋನೇ ಕೂಗಿತು: 'ನಿಮ್ಮ ಬುಟ್ಟಿಯಲ್ಲಿ ಏನೋ ಮರೆತಿದ್ದೀರಿ!' ನಾನು ತಿರುಗಿ ನೋಡಲಿಲ್ಲ. ಒಂಬತ್ತನೆಯ ದಿನ ಮತ್ತೆ ಕೂಗಿತು. ಇಪ್ಪತ್ತೇಳನೆಯ ದಿನ ರೇಟು ಇಳಿಸಿ ಕೂಗಿತು. ಆಗ ತಿರುಗಿದೆ.

ಶನಿವಾರ ಹಾಶಿಮ ಪಾರ್ಸಲ್ ತಂದ. "ಏನ್ರಿ ಸಾವ್ಕಾರ್ರ, ನೀವೂ ಪ್ಯಾಟಿ ಬಿಟ್ಟು ಫೋನಿನಾಗ ಖರೀದಿ ಚಾಲೂ ಮಾಡೀರಿ?" ಎಂದು ನಕ್ಕ.

ಡಬ್ಬಿ ಹೊರಗೆ ಬಂತು. ಕಪ್ಪಗೆ, ದುಂಡಗೆ, ನಾಲ್ಕು ಸೇರು ಹಿಡಿಸುವಷ್ಟು. ಬೆರಳಿನಿಂದ ಬಡಿದೆ. ಡಬ್! ನನ್ನ ಅಂಗಡಿಯಲ್ಲಾಗಿದ್ದರೆ ಅಲ್ಲಿಗೇ ಅದರ ಕಥೆ ಮುಗಿಯುತ್ತಿತ್ತು. ಹಿಂಬದಿಯಲ್ಲಿ ಮಾತ್ರ ಅಂಗೈಯಗಲ ಅಲ್ಯುಮಿನಿಯಂ ತಗಡು.

"ಇದೇನ್ರಿ?" ಎಂದಳು ಶಾಂತಾದೇವಿ.

"ನಿನಗ ಅಂತ ತರಿಸೇನಿ. ನಿಮ್ಮ ಬಳಗಕ್ಕ. ಪಾಪ, ಎಷ್ಟು ಅಂತ ಗಂಟಲು ಹರಕೊಂತೀರಿ?"

ಅವಳು ಡಬ್ಬಿಯನ್ನು ನೋಡಿದಳು, ಜೊತೆಗೆ ಬಂದಿದ್ದ ಚೀಟಿಗಳನ್ನು ಒಂದೊಂದಾಗಿ ಓದಿದಳು, ಆಮೇಲೆ ನನ್ನ ಮುಖವನ್ನು ಓದಿದಳು. ಹನ್ನೊಂದು ವರ್ಷದಲ್ಲಿ ಬಳಗಕ್ಕೆ ಒಂದು ಜೊತೆ ತಾಳವನ್ನೂ ಕೊಡಿಸದ ಗಂಡ ಇವತ್ತು ಡಬ್ಬಿ ತಂದಿದ್ದಾನೆ.

"ಭಾಳ ಚಲೋ ಆತು ಬಿಡ್ರಿ," ಎಂದಳು ಕೊನೆಗೆ. "ಆದ್ರ ಮನಿಗಿ ಹತ್ತು ಮಂದಿ ಬರತಾರ, ಹೋಗತಾರ. ಅದಲಿ ಬದಲಿ ಆದ್ರ? ಒಂದು ಹೆಸರು ಹಾಕಿಬಿಡ್ರಿ. ನಿಮ್ಮಂಥ ಅಕ್ಷರ ಈ ಸುರಪುರದಾಗ ಯಾರದವ?"

ಅಕ್ಷರದ ಮಾತು ಬಂದರೆ ನನಗೆ ಕಿವಿ, ಕಣ್ಣು ಏನೂ ಇರುವುದಿಲ್ಲ. ಅಂಗಡಿಯಿಂದ ಮಷೀನು ತಂದೆ.

"ಮುಂದ ಬ್ಯಾಡ್ರಿ, ಚಂದ ಕಾಣಂಗಿಲ್ಲ. ಹಿಂದ ತಗಡಿನ ಮ್ಯಾಲ ಹಾಕ್ರಿ."

ಝೂಂ ಎಂದು ಹಾಕಿದೆ: 'ಶ್ರೀಮತಿ ಶಾಂತಾದೇವಿ ಪರಮಣ್ಣ, ರಂಗಂಪೇಟೆ'. ಕೆಳಗೊಂದು ಹೂವನ್ನೂ ಬಿಡಿಸಿದೆ. ಗಿರಾಕಿಗಳಿಗಾದರೆ ಹೂವಿಗೆ ಬೇರೆ ರೇಟು.

ಆಮೇಲೆ ಡಬ್ಬಿಯನ್ನು ವೈಫೈಗೆ ಪರಿಚಯ ಮಾಡಿಸುವ ಕಾರ್ಯ. ಅದು ಕೆಂಪಗೆ ಮಿಣುಕಿತು, ನೀಲಿಯಾಗಿ ಮಿಣುಕಿತು, ಹೆಣ್ಣು ಕೊಡುವವರಂತೆ ನೂರೆಂಟು ಪ್ರಶ್ನೆ ಕೇಳಿತು. ಊರು ಯಾವುದು, ಭಾಷೆ ಯಾವುದು, ಯಾವ ಕೋಣೆಯಲ್ಲಿ ಇಡುತ್ತೀರಿ? ಅದು ಕೊಟ್ಟ ಪಟ್ಟಿಯಲ್ಲಿ ಪಡಸಾಲೆ ಎಂಬುದೇ ಇರಲಿಲ್ಲ. ಮಲಗುವ ಕೋಣೆ ಎಂದು ಒತ್ತಲು ಮನಸ್ಸಾಯಿತು, ಆದರೆ ಅದು ಸದ್ಯಕ್ಕೆ ಆಸೆಯೇ ಹೊರತು ಸತ್ಯವಲ್ಲ. 'ಗ್ಯಾರೇಜು' ಎಂದು ಒತ್ತಿದೆ. ಅಂದಿನಿಂದ ನಮ್ಮ ಪಡಸಾಲೆ ಅದರ ಲೆಕ್ಕದಲ್ಲಿ ಗ್ಯಾರೇಜು.

ಆದರೆ ನಿಜ ಹೇಳಬೇಕು. ಮೊದಲ ಸಲ ಅದರಿಂದ ತಂಬೂರಿಯ ಶ್ರುತಿ ಹೊರಟಾಗ ನನ್ನ ತೋಳಿನ ಕೂದಲು ನೆಟ್ಟಗಾದವು. ಬಡಿದರೆ ಡಬ್ ಎನ್ನುವ ಮಾಲಿನ ಹೊಟ್ಟೆಯಲ್ಲಿ ಇಂಥ ನಾದ! ಹಾಡುವವನು ಉಸಿರೆಳೆದುಕೊಂಡದ್ದೂ ಕೇಳಿಸಿತು. ಮೂವತ್ತು ವರ್ಷ ಬೆರಳಿನಿಂದ ಬಡಿದು ಕಲಿತ ವಿದ್ಯೆಯ ಮೇಲೆ ನನಗೆ ಮೊದಲ ಸಲ ಅನುಮಾನ ಬಂತು. (ಇದನ್ನು ನಮ್ಮ ಮನೆಯಲ್ಲಿ ಹೇಳಬೇಡಿ.)

ಮೂರನೆಯ ದಿನ ಸೋಮವಾರ. ಬಳಗ ಬಂತು. ಮಂಚ ಗೋಡೆಗೆ ಹೋಯಿತು. ನಾನೇ ಮಂಚದಿಂದಿಳಿದು, ಸಣ್ಣ ಭಾಷಣ ಮಾಡಿ ಡಬ್ಬಿ ಹಚ್ಚಿದೆ. ಹೆಣ್ಣುಮಕ್ಕಳು ಅದರ ಹಿಂದೆ ಹಾಡಲು ನೋಡಿದರು. ಎಲ್ಲರಿಗಿಂತ ಹಿರಿಯಳಾದ ಅಯ್ಯಮ್ಮನಿಗೆ ಎರಡನೆಯ ಸಾಲಿಗೇ ಕೆಮ್ಮು ಬಂತು. ಕೆಮ್ಮಿ ತಲೆ ಎತ್ತುವಷ್ಟರಲ್ಲಿ ಡಬ್ಬಿ ಎರಡು ನುಡಿ ಮುಂದೆ ಹೋಗಿತ್ತು.

"ಇದು ಎಕ್ಸ್‌ಪ್ರೆಸ್ ಬಸ್ ಆತಲ್ಲವ," ಎಂದಳು ಅಯ್ಯಮ್ಮ. "ಕೈ ಮಾಡಿದ್ರೂ ನಿಲ್ಲವಲ್ದು. ನಮ್ಮ ರೇಣವ್ವ ಆದ್ರ ನಾ ಕೆಮ್ಮಿ ಮುಗಿಸೂತನಕ ಆಲಾಪ ಎಳಕೋಂತ ಕೂಡತಾಳ."

ರೇಣಮ್ಮ ನಮ್ಮ ಪಕ್ಕದ ಮನೆಯವಳು, ಗೋಡೆಗೆ ಗೋಡೆ. ಬಳಗದಲ್ಲಿ ಮುಂದೆ ಹೇಳಿಕೊಡುವವಳು ಅವಳೇ. ಅವಳು ಬಾಯಿ ಮುಚ್ಚಿ ಕುಳಿತಿದ್ದಳು. ನೋಡನೋಡುತ್ತ ಏಳೂ ಬಾಯಿ ಮುಚ್ಚಿದವು. ಹನ್ನೊಂದು ವರ್ಷದ ಸೋಮವಾರಗಳಲ್ಲಿ ಮೊದಲ ಸಲ! ಮಂಗಳಾರತಿಗೆ ಮುಂಚೆಯೇ ಬಳಗ ಕರಗಿತೆಂದು ನಾನು ಮತ್ತೆ ಮಂಚವೇರಿ ಕಣ್ಣು ಮುಚ್ಚಿದೆ.

ಐದು ನಿಮಿಷ. ಆ ಐದು ನಿಮಿಷದ ನಿದ್ದೆಯನ್ನು ನಾನು ಸಾಯುವತನಕ ಮರೆಯಲಾರೆ.

"ಶಾಂತಕ್ಕ," ಎಂದಳು ರೇಣಮ್ಮ, "ಇದಕ್ಕ ಬರೇ ಅಣ್ಣಾರ ಫೋನಿಂದ ಹಚ್ಚಾಕ ಬರತದೋ, ನಮ್ಮ ಫೋನಿಂದನೂ ಬರತದೋ?"

"ಎಲ್ಲಾರ ಫೋನಿಂದನೂ ಬರತದವ. ವೈಫೈ ಒಂದಾ ಇರಬೇಕಂತ. ತೊಗೊ, ಪಾಸ್‌ವರ್ಡ್ ಬರಕೊ."

ನಾನು ಮಂಚದ ಮೇಲೆ ಎದ್ದು ಕುಳಿತೆ. "ಏ, ಏ! ಪಾಸ್‌ವರ್ಡ್ ಅಂದ್ರ ಮನಿ ಕೀಲಿ ಇದ್ದಂಗ!"

"ಹೆಪ್ಪು ಕೇಳಿದ್ರ ಇಲ್ಲ ಅಂತೀವೇನ್ರಿ? ಇದೂ ಹಂಗ. ಕೊಟ್ರ ನಮ್ಮ ಗಡಗಿ ಖಾಲಿ ಆಗತದೇನು?"

ಏಳು ಜನಕ್ಕೂ ಹೆಪ್ಪು ಹೋಯಿತು. ಏಳು ಫೋನಿನಲ್ಲೂ 'ಗ್ಯಾರೇಜು' ಮೂಡಿತು. ("ಗ್ಯಾರೇಜ್ ಅಂದ್ರ ಇದಾ ಏನ್ರಿ ಅಣ್ಣಾರ? ನಿಮ್ಮ ಗಾಡಿ ಎಲ್ಲದ?") ಆಮೇಲೆ ಶುರುವಾಯಿತು. ಒಬ್ಬಳು ಹಚ್ಚಿದ ತತ್ವಪದವನ್ನು ಇನ್ನೊಬ್ಬಳ ಸೋಬಾನೆ ಪದ ನುಂಗಿತು, ಅದನ್ನು ಮೂರನೆಯವಳ ಮೊಹರಂ ಪದ ನುಂಗಿತು. "ನಂದು ಇನ್ನಾ ಒಂದು ನುಡಿ ಉಳದಿತ್ತವ!" "ನಿಂದು ಮುಗಿಯೂತನಕ ನಾ ಮುದುಕಿ ಆಗತಿನಿ!" ಜಗಳ, ನಗು, ಮತ್ತೆ ಜಗಳ. ಕೊನೆಗೆ ಸಂಧಾನವಾಯಿತು: ಮೊದಲು ಡಬ್ಬಿಯ ಹಾಡು ಒಬ್ಬೊಬ್ಬರದು ಒಂದೊಂದು, ಆಮೇಲೆ ತಮ್ಮ ಎಂದಿನ ಭಜನೆ, ಅದೂ ತಾಳ ಸಮೇತ. ಅಂದು ಮಂಗಳಾರತಿಯಾದಾಗ ಎಂಟು ಗಂಟೆ. ಸುಸ್ಲಾ ಎರಡು ಸಲ ಆಯಿತು.

ನಾನು ಇದು ಸೋಮವಾರದ ಸಂಕಟ ಎಂದುಕೊಂಡಿದ್ದೆ. ಮಂಗಳವಾರ ಊಟಕ್ಕೆ ಬಂದು ಅರ್ಧ ಗಳಿಗೆ ಅಡ್ಡಾದೆ. ಶಾಂತಾದೇವಿ ಪೇಟೆಗೆ ಹೋಗಿದ್ದಳು, ಮನೆಯಲ್ಲಿ ನಾನೊಬ್ಬನೇ. ಇದ್ದಕ್ಕಿದ್ದಂತೆ ತಲೆದಿಂಬಿನ ಪಕ್ಕದಲ್ಲಿ ಡಬ್ಬಿ ತಾನೇ ತಾನಾಗಿ ಗಂಟಲು ಬಿಚ್ಚಿತು. ನಾನು ಮಂಚದಿಂದ ಒಂದು ಗೇಣು ಮೇಲೆದ್ದು ಬಿದ್ದೆ. ಎದೆ ಹಿಡಿದುಕೊಂಡು ವೈರು ಕಿತ್ತೆ. ಕಿತ್ತ ಕೂಡಲೇ ಗೋಡೆಯಾಚೆಯಿಂದ ದನಿ:

"ಅಣ್ಣಾರ! ಹಾಡು ನಿಂತದ ನೋಡ್ರಿ! ಕರೆಂಟ್ ಹೋತೇನು?"

ರೇಣಮ್ಮ! ತನ್ನ ಹಿತ್ತಲಲ್ಲಿ ಭಾಂಡೆ ತಿಕ್ಕುತ್ತ ತನ್ನ ಫೋನಿನಿಂದ ನನ್ನ ಮನೆಯಲ್ಲಿ ಹಾಡು ಹಚ್ಚಿದ್ದಳು.

"ನಿನ್ನ ಫೋನಿನಾಗ ಕೇಳಬಾರದೇನವ?"

"ಅದರ ದನಿ ನೀರಿನ ಸಪ್ಪಳದಾಗ ಕೇಳಂಗಿಲ್ರಿ. ನಿಮ್ಮದು ಗ್ವಾಡಿ ದಾಟಿ ಬರತದ. ಭಾಳ ಚಲೋ ಮಾಲು ತಂದೀರಿ ಬಿಡ್ರಿ ಅಣ್ಣಾರ!"

ಹೊಗಳಿದವರ ಮೇಲೆ ಸಿಟ್ಟು ಮಾಡುವುದು ಹೇಗೆ? ವೈರು ಮತ್ತೆ ಚುಚ್ಚಿದೆ. ಬುಧವಾರ ಪಾಸ್‌ವರ್ಡ್ ಬದಲಿಸಿದೆ. ಸಂಜೆಯೊಳಗೆ ಹೊಸ ಹೆಪ್ಪು ಏಳು ಮನೆ ಮುಟ್ಟಿತ್ತು. ಗುರುವಾರ ಡಬ್ಬಿಯನ್ನು ಒಳಕೋಣೆಗೆ ಹಾಕಿ ಬಾಗಿಲು ಮುಚ್ಚಿದೆ. ನಲವತ್ತು ಪರಾತಗಳು ಅದಕ್ಕೆ ಹಿಮ್ಮೇಳ ಕೊಟ್ಟವು. ಶನಿವಾರದ ಹೊತ್ತಿಗೆ ನಾನು ಅಂಗಡಿಯಲ್ಲಿ ಗಿರಾಕಿಗೆ ತಂಬಿಗೆ ತೋರಿಸುತ್ತ ತೂಕಡಿಸಿ, ತಂಬಿಗೆಯ ಮೇಲೆಯೇ ಹಣೆ ಬಡಿದುಕೊಂಡೆ. ಟಣ್ ಎಂದಿತು. ತಂಬಿಗೆಯೋ ಹಣೆಯೋ ತಿಳಿಯಲಿಲ್ಲ.

ಒಂದೇ ಆಸರೆ ಉಳಿದಿತ್ತು: ಹತ್ತನೆಯ ದಿನ. ಬಳಗ ಮುರಿಯದಿದ್ದರೆ ಹೋಗಲಿ, ಡಬ್ಬಿಯಾದರೂ ತೊಲಗಲಿ. ಫೋನಿನಲ್ಲಿ 'ವಾಪಸ್' ಒತ್ತಿದೆ. ಕಾರಣ ಕೇಳಿತು. 'ಬಹಳ ಚೆನ್ನಾಗಿ ಹಾಡುತ್ತದೆ' ಎಂಬ ಕಾರಣ ಪಟ್ಟಿಯಲ್ಲಿ ಇರಲಿಲ್ಲ. 'ನಿರೀಕ್ಷಿಸಿದಂತೆ ಇಲ್ಲ' ಎಂದು ಒತ್ತಿದೆ. ಸೋಮವಾರ ಬಂದು ಒಯ್ಯುತ್ತೇವೆ ಎಂದಿತು.

ಸೋಮವಾರ ನಾಲ್ಕು ಗಂಟೆ. ಬಳಗ ಭರ್ತಿ ನೆರೆದಿತ್ತು. ಬಾಗಿಲಲ್ಲಿ ಹಾಶಿಮ ನಿಂತ.

"ಸಾವ್ಕಾರ್ರ, ವಾಪಸ್ ಮಾಲು ಅದಂತ?"

ತಾಳ ನಿಂತವು. ಏಳು ಜೊತೆ ಕಣ್ಣು ನನ್ನ ಮೇಲೆ ಬಿದ್ದವು. ಶಾಂತಾದೇವಿ ಮಾತ್ರ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಏನ್ರಿ ಅಣ್ಣಾರ, ನಮ್ಮ ಡಬ್ಬಿ ಕಳಸಾಕತ್ತೀರೇನು?" ಎಂದಳು ರೇಣಮ್ಮ. ನಮ್ಮ ಡಬ್ಬಿಯಂತೆ!

"ಸ್ವಲ್ಪ... ದನಿಯೊಳಗ ದೋಷ ಅದವ. ಟಣ್ ಅನ್ನವಲ್ದು," ಎಂದು ಡಬ್ಬಿಯನ್ನು ಹಾಶಿಮನ ಕೈಗಿತ್ತೆ. "ಲಗೂನ ಒಯ್ಯಪಾ."

ಹಾಶಿಮ ಫೋನು ತೆಗೆದ. "ಎಲ್ಲಾ ಕಡಿ ಫೋಟೋ ಹೊಡೀಬೇಕ್ರಿ. ಗೀರು ಇರಬಾರದು." ಮುಂದೆ ಹೊಡೆದ, ಮೇಲೆ ಹೊಡೆದ, ಹಿಂದೆ ತಿರುಗಿಸಿದ. ಅಲ್ಲೇ ನಿಂತ. ಆಮೇಲೆ ಶಾಲೆಯ ಹುಡುಗನಂತೆ ಗಟ್ಟಿಯಾಗಿ ಓದಿದ: "ಶ್ರೀಮತಿ ಶಾಂತಾದೇವಿ... ಪರಮಣ್ಣ... ರಂಗಂಪೇಟೆ. ಓಹೋ, ಹೂವಾ ಬ್ಯಾರೆ!"

ನನ್ನ ಮನಸ್ಸಿನಲ್ಲಿ ಈ ಸಲ ಡಬ್ ಎಂದಿತು.

"ಹಾಶಿಮ," ಎಂದೆ ಬಾಗಿಲ ಮರೆಗೆ ಕರೆದು, "ಹಿಂದಿನ ಫೋಟೋ ಬ್ಯಾಡ. ಸುಮ್ಮ ಒಯ್ದುಬಿಡು. ನಾವು ನೀವು ಒಂದಾ ಊರಿನವ್ರು."

ಅವನು ಗಡ್ಡ ಕೆರೆದುಕೊಂಡ. ಗಾಡಿಯ ಚೀಲದಿಂದ ಒಂದು ಡಬ್ಬಿ ತಂದು ಕಟ್ಟೆಯ ಮೇಲಿಟ್ಟ. ಮುಚ್ಚಳ ಕುಣಿಯಿತು. ಮೇಲೆ ನನ್ನದೇ ಅಕ್ಷರ: ಹಬೀಬಾ. ಬೇಳೆಗೆ ಬಾರದ ಡಬ್ಬಿಯಲ್ಲಿ ಅವನು ಪೆನ್ನು, ಟೇಪು, ರಸೀದಿ ಇಟ್ಟುಕೊಂಡಿದ್ದ.

"ಇದನ್ನ ಬದಲಿ ಕೊಡ್ರಿ ಸಾವ್ಕಾರ್ರ. ಹಿಂದಿನ ಫೋಟೋ ಬಿಡಾಕ ಆಗಂಗಿಲ್ಲ. ಆದ್ರ ಮಾಲು ಚಲೋ ಅದ, ತೊಗೊಳ್ರಿ ಅಂತ ಬರದು ಕೋಶಿಶ್ ಮಾಡತೀನಿ."

ವ್ಯಾಪಾರ ಎಂದರೆ ಒಂದು ಕೊಟ್ಟು ಒಂದು ಪಡೆಯುವುದು. ಒಳಕೋಣೆಗೆ ಓಡಿ ಹೊಸ ಡಬ್ಬಿ ತಂದೆ. ಅವನು ಮುಚ್ಚಳವನ್ನು ಮೂರು ಸಲ ಹಾಕಿ ತೆಗೆದು ನೋಡಿದ. ಬೆರಳಿನಿಂದ ಬಡಿದೂ ನೋಡಿದ (ನನ್ನ ಮುಂದೆ!).

"ಹೆಸರು ಹಾಕಿ ಕೊಡ್ರಿ."

"ಅಲ್ಲಪಾ, ಮೊದಲು ನೀ ಫೋಟೋ..."

"ಹೆಸರು ಮೊದಲ್ರಿ."

ಮನೆಗೆ ತಂದ ಮಷೀನು ಇನ್ನೂ ಮೂಲೆಯಲ್ಲೇ ಇತ್ತು. ಝೂಂ. ಹಬೀಬಾ. "ಹೂವಾ?" ಎಂದ. ಹೂವನ್ನೂ ಹಾಕಿದೆ. ಅವನು ಡಬ್ಬಿಯನ್ನು ಚೀಲಕ್ಕೆ ಇಳಿಸಿ, ಬಕ್ಕಲ್ ಬಿಗಿದು, ಆಮೇಲೆ ಹಿಂದಿನ ಫೋಟೋ ಹೊಡೆದು, ನನಗೆ ತೋರಿಸುತ್ತಲೇ ಎರಡು ಸಾಲು ಶಿಫಾರಸು ಬರೆದು ಕಳಿಸಿದ. ಫೋನು ಐದು ಎಣಿಸುವಷ್ಟು ಹೊತ್ತು ಯೋಚಿಸಿ ಕೆಂಪಗಾಯಿತು.

"ಆಗಂಗಿಲ್ಲ ಅಂತ್ರಿ," ಎಂದ ಹಾಶಿಮ, ಮುಖದಲ್ಲಿ ಒಂದು ಗೆರೆಯೂ ಅಲುಗದೆ. "ಹೆಸರು ಬಿದ್ದ ಮ್ಯಾಲ ಮಾಲು ಗಿರಾಕಿದು, ಸಾವ್ಕಾರ್ರ. ಕಾನೂನು ಅಂದ್ರ ಕಾನೂನು."

"ಹಂಗಾದ್ರ ನನ್ನ ಹೊಸ ಡಬ್ಬಿ ವಾಪಸ್ ಕೊಡು!"

ಅವನು ಚೀಲವನ್ನು ಮೆಲ್ಲಗೆ ತಟ್ಟಿದ. "ಹೆಸರು ಬಿದ್ದದಲ್ರಿ."

ಶಾಂತಾದೇವಿ ಅವನಿಗೆ ಒಂದು ತಟ್ಟೆ ಸುಸ್ಲಾ, ಚಹಾ ಕೊಟ್ಟು ಕಳಿಸಿದಳು. ನಾನು ಅವಳತ್ತ ತಿರುಗಿದೆ.

"ನಿನಗ ಹತ್ತು ದಿನದ ಮಾತು ಮೊದಲಾ ಗೊತ್ತಿತ್ತೇನು?"

"ಡಬ್ಬಿ ಜೋಡಿ ಚೀಟಿ ಬಂದಿತ್ತಲ್ರಿ."

"ಮತ್ತ ಹೆಸರು ಹಾಕ್ರಿ ಅಂದದ್ದು?"

"ಅಂಗಡಿ ಬೋರ್ಡ್ ನಾನೂ ಓದೇನ್ರಿ," ಎಂದಳು ಶಾಂತಾದೇವಿ. "ಅಂಥ ಅಕ್ಷರ ಬಿಡ್ರಿ, ಈ ಸುರಪುರದಾಗ ಯಾರದವ?"

ಈಗ ಹಾಡಿನ ಡಬ್ಬಿ ನಮ್ಮ ಪಡಸಾಲೆಯಲ್ಲಿ, ಬೋರಲು ಹಾಕಿದ ಹಳೆಯ ಹಬೀಬಾ ಡಬ್ಬಿಯ ಮೇಲೆ ಆಸೀನವಾಗಿದೆ. ಅದರ ಮೇಲಿಟ್ಟರೆ ದನಿ ಇನ್ನೂ ದೂರ ಹೋಗುತ್ತದೆ ಎಂದು ರೇಣಮ್ಮ ಕಂಡುಹಿಡಿದಳು. ಡಬ್ಬಿ ಯಾರಿಗೂ ನಿಲ್ಲುವುದಿಲ್ಲವಾದ್ದರಿಂದ ಅದರ ಜೊತೆ ಓಡುತ್ತ ತಾಳ ಹಿಡಿಯಲು ಒಬ್ಬರು ಬೇಕಾದರು. "ಅಣ್ಣಾರ ಕಿವಿ ಚಲೋ ಅದ, ಮತ್ತ ಹೆಂಗೂ ಎಚ್ಚರಾ ಇರತಾರ," ಎಂದು ಅಯ್ಯಮ್ಮ ಸೂಚಿಸಿದಳು. ಸರ್ವಾನುಮತದಿಂದ ಪಾಸಾಯಿತು.

ಹೋದ ಸೋಮವಾರ ಮೂರನೆಯ ಹಾಡಿನ ಹೊತ್ತಿಗೆ ನನ್ನ ಕಣ್ಣು ತಾನೇ ಮುಚ್ಚಿತು. ತಾಳ ಎಲ್ಲಿ ಜಾರಿತೋ ಗೊತ್ತಿಲ್ಲ. ಕೇಳಿಸಿದ್ದು ರೇಣಮ್ಮನ ದನಿಯೊಂದೇ:

"ಅಣ್ಣಾರು ಮಲಗಿದ್ರವ. ದನಿ ಏರಿಸ್ರೇ."

ಏಳು ಫೋನಿನ ಮೇಲೆ ಏಳು ಬೆರಳು ಒಟ್ಟಿಗೆ ಏರಿದವು. ಒಳಕೋಣೆಯಲ್ಲಿ ಪರಾತಗಳು ಗುಂಯ್ ಎಂದವು. ಮೂವತ್ತೊಂಬತ್ತು ಮಾತ್ರ. ನಲವತ್ತನೆಯದು ಆ ಹೊತ್ತಿಗೆ ಪಡಸಾಲೆಗೆ ಬಂದಿತ್ತು, ಸುಸ್ಲಾ ಕಲಸಲು. ಅದರ ಅಂಚಿನಲ್ಲಿ ಬಳಗದ ಹೆಸರೂ ಬಿದ್ದಿತ್ತು, ನನ್ನದೇ ಅಕ್ಷರದಲ್ಲಿ, ಹೂವಿನ ಸಮೇತ.